ನಮ್ಮಕ್ಕನನ್ನು ದಯವಿಟ್ಟು ಬಂಧಿಸಿ

ಮಾನ್ಯ ನಗರ ಪೊಲೀಸ್ ಮುಖ್ಯಸ್ಥರೇ,

ನಮ್ಮಕ್ಕ ಕಳ್ಳಿ. ಅವಳನ್ನು ಬಂಧಿಸಲು ತಮ್ಮ ಇಲಾಖೆ ಒಪ್ಪುತ್ತಿಲ್ಲ. ನನ್ನ ದೂರು ಇಷ್ಟೇ. ಠಾಣೆಗೆ ಹೋಗಿ ಹೇಳಿದರೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಮನೆಗೆ ಕಳಿಸುತ್ತಾರೆ. ಅದಕ್ಕೇ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ವರ್ತಕರ ಸಭೆಯಲ್ಲಿ ತಾವು ಮಾಡಿದ ಭಾಷಣವನ್ನು ಮುಂದಿನ ಸಾಲಿನಲ್ಲೇ ಕೂತು ಕೇಳಿದವಳು ನಾನು. ಪರದೆಯ ಮೇಲೆ, ಕಳವಿನಲ್ಲಿ ಯಾರು ಎಷ್ಟು ಸಿಕ್ಕಿಬಿದ್ದರೆಂಬ ಲೆಕ್ಕದ ಬಣ್ಣಬಣ್ಣದ ಕಂಬಗಳಿದ್ದವು. ಎಲ್ಲಕ್ಕಿಂತ ಎತ್ತರದ ಕೆಂಪು ಕಂಬ ಗುಡ್ಡದಾಚೆಯಿಂದ ವಲಸೆ ಬಂದ ಹರೆಯದ ಗಂಡಸರದು. ಕಣ್ಣಿಗೆ ಬೀಳದಷ್ಟು ಕುಳ್ಳಗಿದ್ದದ್ದು ನಮ್ಮ ಪೈಕಿಯ ವಯಸ್ಸಾದ ಹೆಂಗಸರದು. "ಯಾರ ಮೇಲೆ ಕಣ್ಣಿಡಬೇಕು ಅಂತ ಇನ್ನು ಬಿಡಿಸಿ ಹೇಳಬೇಕೇ?" ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ಎಷ್ಟು ಸಲೀಸು ನೋಡಿ! ಇನ್ನು ಕಳ್ಳನನ್ನು ಹುಡುಕುವ ರಗಳೆಯೇ ಇಲ್ಲ. ಕಳವಾಗುವ ಮೊದಲೇ ಅವನು ಯಾರೆಂದು ಗೊತ್ತಿರುತ್ತದೆ.

ನನ್ನದು ಕನ್ನಡಕದ ಅಂಗಡಿ. ಒಳಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನನ್ನು ಅವನ ಕೂದಲಿನಿಂದಾಗಿ ಎಲ್ಲರೂ ಗುಂಗುರ ಎನ್ನುತ್ತೇವೆ. ಗುಡ್ಡದಾಚೆಯವನು, ಇನ್ನೂ ಮದುವೆಯಾಗಿಲ್ಲ, ಮಾತು ಕಡಿಮೆ. ತಮ್ಮ ಕೆಂಪು ಕಂಬಕ್ಕೆ ಅಳತೆ ಕೊಟ್ಟು ಹೊಲಿಸಿದಂತಿದ್ದಾನೆ. ನಮ್ಮಕ್ಕ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದು ನಿವೃತ್ತಳಾದವಳು. ಭಾವ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ. ಮಧ್ಯಾಹ್ನ ಹೊತ್ತು ಹೋಗದೆ ಅಂಗಡಿಗೆ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂರುತ್ತಾಳೆ.

ಅಂಗಡಿಯಲ್ಲಿ ಒಳ್ಳೊಳ್ಳೆ ಫ್ರೇಮುಗಳು ಒಂದೊಂದಾಗಿ ಮಾಯವಾಗತೊಡಗಿದವು. ದೂರು ಕೊಟ್ಟೆ. ತಮ್ಮವರು ಇಬ್ಬರು ಬಂದರು. ಗಾಜಿನ ಕಪಾಟಿನ ಬೀಗ ನೋಡಲಿಲ್ಲ, ಬಂದುಹೋಗುವವರ ಬಗ್ಗೆ ಕೇಳಲಿಲ್ಲ.

"ಕೆಲಸಕ್ಕೆ ಯಾರಿದಾರೆ?"

"ಗಾಜು ಉಜ್ಜೋನು ಒಬ್ಬ. ಅವನ ಮೇಲೆ ನಂಗೆ ಅನುಮಾನ ಇಲ್ಲ."

"ಯಾವ ಕಡೆಯೋನು?"

"ಗುಡ್ಡದಾಚೆಯೋನು."

ಇಬ್ಬರೂ ಮುಖ ಮುಖ ನೋಡಿಕೊಂಡರು. "ಮತ್ತೆ ಇನ್ನೇನಮ್ಮ!"

ಗಾಜಿನ ಪುಡಿ ಮೆತ್ತಿದ ಕೈಯಲ್ಲೇ ಅವನನ್ನು ಎಳೆದುಕೊಂಡು ಹೊರಟರು. "ನಾನಲ್ಲ ಅಮ್ಮಾ" ಎಂದು ಅವನು ಹೇಳಿದ್ದು ನನಗೆ, ಅವರಿಗಲ್ಲ. ದಾರಿಗೆ ಅಡ್ಡವಾಗಿ ಅಕ್ಕ ಕೂತಿದ್ದಳು. "ಸ್ವಲ್ಪ ಕಾಲು ತೆಗೀರಿ ಅಜ್ಜಿ" ಎಂದರು, ಬಹಳ ಗೌರವದಿಂದ. ಆಗ ಅವಳ ಮಡಿಲಿನ ಚೀಲದಲ್ಲಿ ಅಂದಿನ ಫ್ರೇಮು ಬೆಚ್ಚಗೆ ಮಲಗಿತ್ತು.

ಸಂಜೆ ಅಕ್ಕ ಊಟಕ್ಕೇಳಲಿಲ್ಲ. ಕೋಣೆಗೆ ಕರೆದು ಬೀರು ತೆಗೆದಳು. ಕರವಸ್ತ್ರಗಳಲ್ಲಿ ಸುತ್ತಿಟ್ಟ ನನ್ನ ಫ್ರೇಮುಗಳು! ಒಂದನ್ನೂ ಹಾಕಿಕೊಂಡಿರಲಿಲ್ಲ, ಮಾರಿರಲಿಲ್ಲ.

"ಅಕ್ಕಾ, ಏನಿದು?"

"ಗಂಟೆಗಟ್ಟಲೆ ಅಲ್ಲಿ ಕೂತಿರ್ತೀನಿ ಕಣೇ. ಬೆಂಚು ಬೇರೆ ಅಲ್ಲ, ನಾನು ಬೇರೆ ಅಲ್ಲ. ಒಂದು ಎತ್ಕೊಂಡ್ರೆ ಯಾರಾದ್ರೂ 'ಏಯ್' ಅಂತಾರೇನೋ ನೋಡೋಣ ಅನ್ನಿಸ್ತು. ಯಾರೂ ಅನ್ಲಿಲ್ಲ. ಇನ್ನೊಂದು ಎತ್ಕೊಂಡೆ."

ಬೆಳಿಗ್ಗೆ ಇಬ್ಬರೂ ಠಾಣೆಗೆ ಹೋದೆವು. ಅಕ್ಕ ಫ್ರೇಮುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, "ಕದ್ದಿದ್ದು ನಾನು" ಎಂದಳು. ಠಾಣಾಧಿಕಾರಿಗಳು ನಕ್ಕರು. "ಆ ಹುಡುಗನ ಮೇಲೆ ಕನಿಕರ ಬಂದಿದೆ ನಿಮಗೆ. ಅವನೇ ನಿಮ್ಮ ಬೀರುನಲ್ಲಿ ಬಚ್ಚಿಟ್ಟಿರ್ತಾನೆ." ನನ್ನನ್ನು ಪಕ್ಕಕ್ಕೆ ಕರೆದು, "ವಯಸ್ಸಾಯ್ತಲ್ಲ, ಡಾಕ್ಟರಿಗೆ ತೋರಿಸಿ" ಎಂಬ ಸಲಹೆಯನ್ನೂ ಕೊಟ್ಟರು.

ಅಕ್ಕನ ಮುಖ ಕೆಂಪಾಯಿತು. ಕೈ ತೊಳೆಯುವ ಜಾಗ ಎಲ್ಲಿ ಎಂದು ಕೇಳಿ, ಠಾಣೆಯೊಳಗೆ ನಿಧಾನವಾಗಿ ಒಂದು ಸುತ್ತು ಹೊಡೆದಳು. ಎಲ್ಲರೂ ದಾರಿ ಬಿಟ್ಟರು. ವಾಪಸು ಬಂದು ಚೀಲವನ್ನು ಮೇಜಿನ ಮೇಲೆ ಸುರಿದಳು.

"ಇದು ಮೊಳೆಗೆ ತಗಲಿಹಾಕಿದ್ದ ಟೋಪಿ. ಇದು ಠಾಣೆ ಮೊಹರು. ಇದು ನಿಮ್ದೇ ಫೋನು, ಸಾರ್. ಈಗಾದ್ರೂ ನಂಬ್ತೀರಾ?"

ಠಾಣಾಧಿಕಾರಿಗಳು ಮೊದಲು ಫೋನು ಎತ್ತಿ ಜೇಬಿಗೆ ಹಾಕಿಕೊಂಡರು. ಅಂದು ಮಧ್ಯಾಹ್ನ ಗುಂಗುರನನ್ನು ಬಿಟ್ಟರು. ಅಕ್ಕನ ಮೇಲೆ ಕೇಸು? "ಎಂಥ ಕೇಸು ಅಜ್ಜಿ, ಹೋಗಿ ರೆಸ್ಟ್ ತಗೊಳ್ಳಿ." ನಮ್ಮನ್ನು ಜೀಪಿನಲ್ಲೇ ಮನೆಗೆ ಬಿಟ್ಟುಹೋದರು. ಗುಂಗುರ ನಡೆದು ಹೋದ.

ಮಾನ್ಯರೇ, ತಮ್ಮ ಅಂಕಿಅಂಶಗಳೆಲ್ಲ ಸುಳ್ಳೆಂದು ನಾನು ವಾದಿಸುತ್ತಿಲ್ಲ. ಹರೆಯದ ಗಂಡಸರು ಹೆಚ್ಚಾಗಿ ಸಿಕ್ಕಿಬೀಳುತ್ತಾರೆ ಎಂದರೆ ಇರಬಹುದು. ಆದರೆ ಸರಾಸರಿಯನ್ನು ಲಾಕಪ್ಪಿಗೆ ತಳ್ಳಲಾಗುವುದಿಲ್ಲ, ತಳ್ಳುವುದು ಒಬ್ಬ ಮನುಷ್ಯನನ್ನು. ಇನ್ನು ಆ 'ಗುಡ್ಡದಾಚೆ'ಯ ಲೆಕ್ಕ. ಒಂದೇ ಓಣಿಯ ಬಾಯಲ್ಲಿ ಜೀಪು ನಿಲ್ಲಿಸಿ, ಒಂದೇ ಬಗೆಯ ಮುಖದವರ ಜೇಬು ತಡಕಿದರೆ, ಸಿಕ್ಕಿದ್ದೆಲ್ಲ ಅದೇ ಓಣಿಯದೇ ಆಗಿರದೆ ಇನ್ನೇನು? ನಮ್ಮ ಅಜ್ಜಿಯಂದಿರ ಚೀಲಗಳನ್ನು ಒಂದು ವಾರ ತಡಕಿ ನೋಡಿ. ಕುಳ್ಳ ಕಂಬ ಎಷ್ಟು ಬೆಳೆಯುತ್ತದೋ ಯಾರಿಗೆ ಗೊತ್ತು!

ಗುಂಗುರ ಆಮೇಲೆ ಒಂದು ಸಲ ಅಂಗಡಿಗೆ ಬಂದ. ಬಲಗೈಯ ಎರಡು ಬೆರಳು ಊದಿಕೊಂಡು ಮಡಚಲು ಬರುತ್ತಿರಲಿಲ್ಲ. ಆ ಕೈಯಲ್ಲಿ ಗಾಜು ಹಿಡಿಯಲಾಗದು. ಬಾಡಿಗೆ ಕೋಣೆಯಿಂದಲೂ ಎಬ್ಬಿಸಿದ್ದರು. ಅಕ್ಕ ಎದ್ದು ಅವನೆದುರು ನಿಂತಳು.

"ತಪ್ಪು ನಂದು ಕಣಪ್ಪ. ನಿಂಗೆ ಗೊತ್ತಿದ್ದಿದ್ರೆ ಅವತ್ತೇ ನೀನು ನನ್ನ ಕಡೆ ಕೈ ತೋರಿಸ್ತಿದ್ದೆ."

"ಗೊತ್ತಿತ್ತು ಅಜ್ಜಿ. ಬಾಗಿಲ ಸಂದಿಯಿಂದ ನೋಡಿದ್ದೆ."

"ಮತ್ಯಾಕೋ ಹೇಳ್ಲಿಲ್ಲ?"

"ನನ್ನಂಥೋನು ನಿಮ್ಮಂಥೋರ ಹೆಸರು ಹೇಳಿದ್ರೆ ಇನ್ನೂ ನಾಲ್ಕು ಬೀಳ್ತಿತ್ತು. ಅದಕ್ಕೇ ನಾನೇ ಕದ್ದೆ ಅಂತ ಒಪ್ಕೊಂಡ್ಬಿಟ್ಟೆ."

ಅಕ್ಕ ಬೆಂಚಿನ ಮೇಲೆ ಕುಸಿದು ಕೂತಳು. ಅವನೇ ನೀರು ತಂದುಕೊಟ್ಟ, ಎಡಗೈಯಲ್ಲಿ.

ಆದ್ದರಿಂದ ನನ್ನ ಬೇಡಿಕೆ. ಅವನಿಂದ ಬರೆಸಿಕೊಂಡ ತಪ್ಪೊಪ್ಪಿಗೆಯನ್ನು ರದ್ದು ಮಾಡಿ. ಆ ಕೈಗೆ ಇಲಾಖೆಯೇ ಚಿಕಿತ್ಸೆ ಕೊಡಿಸಲಿ. ಎಳೆದೊಯ್ದ ಅದೇ ಜೀಪಿನಲ್ಲಿ ಹೋಗಿ, ಅವನ ಓಣಿಯವರೆಲ್ಲ ಕೇಳುವಂತೆ, ಅವನು ನಿರಪರಾಧಿ ಎಂದು ಸಾರಿ. ನಮ್ಮಕ್ಕನ ಮೇಲೆ ಕೇಸು ದಾಖಲಿಸಿ. ಹೊದಿಕೆ, ರಕ್ತದೊತ್ತಡದ ಮಾತ್ರೆ, ಹಲ್ಲುಜ್ಜುವ ಬ್ರಷ್ಷು ಎಲ್ಲ ಕಟ್ಟಿಕೊಂಡು ಅವಳು ಬಾಗಿಲಲ್ಲಿ ಕೂತಿದ್ದಾಳೆ. ಜೀಪಿನ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಾಳೆ. ಜೀಪು ನಮ್ಮ ಮನೆ ದಾಟಿ, ಗುಡ್ಡದಾಚೆಯವರ ಓಣಿಗೆ ತಿರುಗುತ್ತದೆ.

ಇಂತಿ,
ಅಕ್ಕನನ್ನು ಹಿಡಿದುಕೊಟ್ಟರೂ ಬಹುಮಾನವಿರಲಿ, ರಸೀದಿಯೂ ಸಿಗದ
ಕನ್ನಡಕದಂಗಡಿಯ ತಂಗಿ