ಬೆಟ್ಟದ ಊರಿನಲ್ಲಿ ಬಿಟ್ಟು ಬಂದವಳು

ಎಸ್ಕಿಲ್‌ಸ್ಟುನಾ, ಸ್ವೀಡನ್
೧೪ ನವೆಂಬರ್ ೨೦೦೬

ಉಮಾಕಾಂತನಿಗೆ,

ಗೋಪೀನಾಥನ ನಮಸ್ಕಾರ. ನಿನ್ನ ಸಿ.ಡಿ. ದೀಪಾವಳಿಗೆ ಮೊದಲೇ ತಲುಪಿತು. ಉತ್ತರ ತಡವಾಯಿತು, ಕ್ಷಮಿಸು ಅಂತ ಬರೆಯುವುದು ಪದ್ಧತಿ, ಬರೆದಿದ್ದೇನೆ. ಎರಡು ಸಲ ಬರೆದು ಹರಿದು ಹಾಕಿದೆ. ಇ-ಮೇಲ್ ಮಾಡಿದರೆ ನೀನು ಲಿಂಕೋಪಿಂಗ್‌ನ ಕನ್ನಡದವರಿಗೆಲ್ಲ ಫಾರ್ವರ್ಡ್ ಮಾಡುತ್ತೀಯ. ಅದಕ್ಕೇ ಕಾಗದ.

ನಾನು ಆರೋಗ್ಯವಾಗಿದ್ದೇನೆ. ಫ್ಯಾಕ್ಟರಿ ಬಿಡುವಷ್ಟರಲ್ಲಿ ಕತ್ತಲಾಗಿರುತ್ತದೆ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಯಾಕೆ ಅಂತ ಮುಂದೆ ಓದು.

ನಿನ್ನ ಫೋಟೋಗಳನ್ನೆಲ್ಲ ನೋಡಿದೆ. ಒಂದರ ಕೆಳಗೆ ‘ಫ್ರಾನ್ಸಿನಲ್ಲಿ ನಮ್ಮ ಕೂಲಿಯಾಳು’ ಅಂತ ಬರೆದಿದ್ದೀಯ. ಆ ಫೋಟೋದಲ್ಲಿರುವವಳು ನನ್ನ ಹೆಂಡತಿ, ಶೋಭನಾ.

ಆಗಸ್ಟಿನ ಆ ಪ್ರವಾಸ ನಿನ್ನದೇ ಏರ್ಪಾಡು. ನೀಸ್‌ನಲ್ಲಿ ಇಳಿದು ಬಾಡಿಗೆ ಕಾರು ಹತ್ತಿದ ಕೂಡಲೇ ನಮ್ಮೆಲ್ಲರ ಕೈಗೂ ಟೈಮ್‌ಟೇಬಲ್ ಪ್ರಿಂಟ್ ಕೊಟ್ಟೆ. ಮೂರು ದಿನ, ಒಂಬತ್ತು ಬೆಟ್ಟದ ಊರು, ಊರಿಗೆ ನಲವತ್ತು ನಿಮಿಷ. ಕಲ್ಲಿನ ಓಣಿ, ಬಂಡೆಗೆ ಅಂಟಿಕೊಂಡ ಮನೆ, ಕೆಳಗೆ ದೂರದಲ್ಲಿ ಸಮುದ್ರ. ಮೊದಲ ದಿನ ನಾಲ್ಕು ಊರು ಮುಗಿಸಿದೆವು. ಯಾವುದರ ಹೆಸರೂ ನನಗೆ ನೆನಪಿಲ್ಲ.

ಎರಡನೇ ದಿನ ಬೆಳಿಗ್ಗೆ ಗ್ರಾಸ್ ಪಟ್ಟಣದ ಕೆಳಗಿನ ಹೂವಿನ ಹೊಲ. ನೀನು ‘ಮಲ್ಲಿಗೆ’ ಅಂದೆ. ಶೋಭನಾ ‘ಇದು ಜಾಜಿ, ಅಣ್ಣಾ’ ಅಂದಳು. ಅವಳು ಹೂವಿನಹಡಗಲಿಯವಳು, ಅಪ್ಪನ ಹೊಲದಲ್ಲಿ ಶಾಲೆಗೆ ಮೊದಲು ಮೊಗ್ಗು ಬಿಡಿಸಿ ಬೆಳೆದವಳು. ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡ ಒಬ್ಬ ಮುದುಕಿ ಅವಳನ್ನು ನೋಡಿ ನಕ್ಕಳು, ತನ್ನ ಏಪ್ರನ್ ಬಿಚ್ಚಿ ಕೊಟ್ಟಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಆದರೂ ಒಂದೇ ಸಾಲಿನಲ್ಲಿ ಬಗ್ಗಿ ಬಿಡಿಸುತ್ತ ಹೋದರು. ಸ್ವೀಡನ್‌ಗೆ ಬಂದ ಆರು ವರ್ಷದಲ್ಲಿ ಶೋಭನಾ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಆಗ ನೀನು ಗಟ್ಟಿಯಾಗಿ ಅಂದೆ, ‘ಗೋಪಿ, ಇವಳನ್ನ ಇಲ್ಲೇ ಬಿಟ್ಟು ಹೋಗೋಣ ಕಣೋ, ದಿನಗೂಲಿ ಸಿಗುತ್ತೆ.’ ನಿನ್ನ ಹೆಂಡತಿ ಕೋಕಿಲಾ ನಕ್ಕರು. ಶೋಭನಾ ಕೇಳಿಸಿಕೊಂಡಳು, ತಲೆ ಎತ್ತಲಿಲ್ಲ.

ಅರ್ಧ ಗಂಟೆ ತಡವಾಯಿತೆಂದು ಬೆಟ್ಟ ಹತ್ತುವವರೆಗೂ ನೀನು ಗೊಣಗಿದೆ. ಮೇಲಿನ ಊರಿನಲ್ಲಿ ಇಳಿಸಿ, ‘ನಲವತ್ತು ನಿಮಿಷಕ್ಕೆ ಸರಿಯಾಗಿ ಪಾರ್ಕಿಂಗ್‌ಗೆ ಬನ್ನಿ, ಯಾರಿಗೂ ಕಾಯಲ್ಲ’ ಅಂದೆ. ಹೊತ್ತಾದರೂ ಅವಳು ಬಂದಿರಲಿಲ್ಲ. ‘ಶೋಭನಾ ಇನ್ನೂ ಬಂದಿಲ್ಲರೀ’ ಅಂತ ಕೋಕಿಲಾ ಹಿಂದಿನ ಸೀಟಿನಿಂದ ಹೇಳಿದರು. ನೀನು ಕಾರು ಸ್ಟಾರ್ಟ್ ಮಾಡಿದೆ. ಅವಳ ಪರ್ಸು, ಮೊಬೈಲು ಕಾರಿನಲ್ಲೇ ಇದ್ದವು.

ಮುಂದಿನ ಊರಿನಲ್ಲಿ ನೀನು ಐಸ್‌ಕ್ರೀಮ್ ತಿಂದೆ. ಎರಡು ಗಂಟೆ ಬಿಟ್ಟು ವಾಪಸು ಹೋದಾಗ ಅವಳಿರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಕೆಳಗೆ, ಆ ಮುದುಕಿಯ ಅಂಗಳದಲ್ಲಿ. ಬೆಟ್ಟದ ತಿರುವುಗಳನ್ನೆಲ್ಲ ಬಿಸಿಲಿನಲ್ಲಿ ನಡೆದೇ ಇಳಿದಿದ್ದಳು. ಬೊಬ್ಬೆ ಎದ್ದ ಕಾಲನ್ನು ತಣ್ಣೀರಿನ ಟಬ್ಬಿನಲ್ಲಿ ಇಟ್ಟುಕೊಂಡು ಕೂತಿದ್ದಳು. ಮುದುಕಿ ಫ್ರೆಂಚಿನಲ್ಲಿ ನಮಗೆ ಏನೋ ಅಂದಳು. ಅರ್ಥ ಹೇಳುವವರು ಬೇಕಾಗಿರಲಿಲ್ಲ. ನೀನು ವಾಚು ನೋಡಿದೆ.

ಸ್ವೀಡನ್‌ಗೆ ವಾಪಸು ಬಂದ ಮೇಲೂ ಶೋಭನಾ ಬೈಯಲಿಲ್ಲ, ಅಳಲಿಲ್ಲ. ಅಕ್ಟೋಬರಿನಲ್ಲಿ ಸುಂಡ್‌ಬೀಬೆರಿಯ ಒಂದು ಡಾಗಿಸ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಹಿಡಿದು, ಅಲ್ಲೇ ಒಂದು ರೂಮು ಮಾಡಿಕೊಂಡಳು. ನೀನು ಈಗ ಸಿ.ಡಿ. ಕಳಿಸಿ, ‘ಗಂಡ ಹೆಂಡತಿ ಇಬ್ಬರೂ ಊಟಕ್ಕೆ ಬನ್ನಿ’ ಅನ್ನುತ್ತೀಯ.

ಸಿ.ಡಿ.ಯನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ದಾವಣಗೆರೆಯ ಹಾಸ್ಟೆಲ್ಲಿನಿಂದ ನಿನ್ನನ್ನು ಬಲ್ಲೆ. ಆಗಲೂ ನೀನು ಹೀಗೇ ಇದ್ದೆ, ನಾನು ನಗುತ್ತಿದ್ದೆ. ಇನ್ನು ನಗಲಾರೆ. ಈ ಕಡೆ ಬಂದರೆ ನನ್ನ ಮನೆಯ ಬೆಲ್ ಒತ್ತಬೇಡ.

ಕೋಕಿಲಾ ಅವರಿಗೆ ಒಳ್ಳೆಯದಾಗಲಿ. ನಿನಗೆ ದೇವರು ಆರೋಗ್ಯ ಕೊಡಲಿ. ಅದಕ್ಕಿಂತ ಹೆಚ್ಚು ಹಾರೈಸಲು ಮನಸ್ಸು ಬರುತ್ತಿಲ್ಲ.

ಗೋಪೀನಾಥ

ತಾ.ಕ.: ಭಾನುವಾರ ಶೋಭನಾ ಫೋನ್ ಮಾಡಿದ್ದಳು. ‘ಅವತ್ತು ಕಾರು ಹೊರಡಿಸೋಕೆ ಹೇಳಿದ್ದು ಯಾರು?’ ಅಂತ ಒಂದೇ ಪ್ರಶ್ನೆ ಕೇಳಿದಳು. ನಿನ್ನ ಹೆಸರು ಹೇಳಿದೆ. ‘ಸರಿ, ಅಣ್ಣನ್ನೇ ಕೇಳ್ತೀನಿ’ ಅಂದಳು. ಈ ವಾರ ನಿನಗೆ ಫೋನ್ ಬರುತ್ತದೆ.

ಅವತ್ತು ಪಾರ್ಕಿಂಗ್‌ನಲ್ಲಿ ನೀನು ಎರಡು ಸಲ ಕೇಳಿದೆ, ‘ಇನ್ನೈದು ನಿಮಿಷ ನೋಡೋಣವೇನೋ ಗೋಪಿ’ ಅಂತ. ಹೊಲದಲ್ಲಿ ಮಣ್ಣು ಮೆತ್ತಿಕೊಂಡು ನಿಂತ ಅವಳನ್ನು ಕಂಡು ನಿಮ್ಮಿಬ್ಬರ ಮುಂದೆ ನನಗೆ ನಾಚಿಕೆಯಾಗಿತ್ತು. ‘ನಡಿ, ಬುದ್ಧಿ ಕಲೀಲಿ’ ಅಂದವನು ನಾನು. ಕಾರು ತಿರುಗಿದಾಗ ನನ್ನ ಕಡೆಯ ಕನ್ನಡಿಯಲ್ಲಿ ಅವಳು ಮೆಟ್ಟಿಲು ಇಳಿದು ಕೈಬೀಸುತ್ತ ಓಡಿ ಬರುತ್ತಿದ್ದಳು. ನೀನು ರಸ್ತೆ ನೋಡುತ್ತಿದ್ದೆ, ನಿನಗೆ ಕಾಣಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಅವಳು ಕೇಳಿದರೆ ನಾನು ಅಂದ ಮಾತನ್ನು ಹೇಳಿಬಿಡು. ಕನ್ನಡಿಯಲ್ಲಿ ಕಂಡದ್ದನ್ನು ಮಾತ್ರ ಹೇಳಬೇಡ.