ದೇವಿ ಬರದ ಪಿಕ್ಚರ್

14 ಫೆಬ್ರುವರಿ 2003, ಶುಕ್ರವಾರ
ಬಾಗಿಲಿಗೆ ತೋರಣ, ಮಷೀನಿಗೆ ಊದಿನಕಡ್ಡಿ ಆಯಿತು. ಯರಗಟ್ಟಿಯ ನಮ್ಮ ಟಾಕೀಜಿಗೆ ಇಷ್ಟು ದೊಡ್ಡ ಪಿಕ್ಚರ್ ಇದೇ ಮೊದಲು. ಕೋಟಿಗಟ್ಟಲೆ ಸುರಿದಿದ್ದಾರಂತೆ — ದೇವಿ, ರಾಕ್ಷಸ, ಹಾರುವ ಹುಲಿ, ಎಲ್ಲಾ ಗ್ರಾಫಿಕ್ಸ್. ಮಧ್ಯಾಹ್ನ ಕರೆಂಟ್ ಇಲ್ಲ, ಸಂಜೆ ಒಂದೇ ಆಟ. ಹೌಸ್‌ಫುಲ್. ಮುಕ್ಕಾಲು ಪಾಲು ಹಳ್ಳಿ ಮಂದಿ.
ಇದೂ ಓಡದಿದ್ದರೆ ಟಾಕೀಜು ಮಂಗಲ ಕಾರ್ಯಾಲಯ ಆಗುತ್ತದೆ. ಮೈದುನ ಕಲ್ಮೇಶ ಆಗಲೇ ಅಳತೆ ಹಿಡಿಸಿದ್ದಾನೆ. ನಮ್ಮ ಮನೆಯವರು ಕಟ್ಟಿಸಿದ್ದು, ಅವರು ಹೋದ ಮೇಲೆ ನಾನು ನಡೆಸಿಕೊಂಡು ಬಂದದ್ದು. ಬಿಡುವುದಿಲ್ಲ.

17, ಸೋಮವಾರ
ಅರ್ಧ ಖಾಲಿ. ಪಿಕ್ಚರ್ ಕೊಟ್ಟ ಹುಬ್ಬಳ್ಳಿ ಕಂಪನಿಯ ರೆಪ್ರೆಸೆಂಟೇಟಿವ್ ಅಂತಾನೆ, ಹಳ್ಳಿಯವರಿಗೆ ಗ್ರಾಫಿಕ್ಸ್ ತಿಳಿಯುವುದಿಲ್ಲ ಅಂತ. ಸುಳ್ಳು. ಹೂ ಮಾರುವ ರಾಯವ್ವನನ್ನು ಕೇಳಿದೆ.
"ಹುಲಿ ಛಲೋ ಐತಂತ್ರಿ. ಆದ್ರ ದೇವಿ ಬರೂದ ಇಲ್ಲಂತಲ್ರಿ ಅಕ್ಕಾರ? ರಾಕ್ಷಸ ಕೂಸಿನ್ನ ಒಯ್ತಾನಂತ, ಮುಗೀತಂತ. ಅಂಥಾದ್ದು ಯಾರ ನೋಡ್ತಾರ್ರಿ?"
ದೇವಿ ಬರುವುದಿಲ್ಲವೇ? ಪೋಸ್ಟರ್ ತುಂಬಾ ಆಕೆಯೇ ಇದ್ದಾಳೆ!
ಅಂದರೆ ಕೊನೆಯ ರೀಲು ಹಾಕುತ್ತಿಲ್ಲ. ಆಪರೇಟರ್ ಹುಸೇನಪೀರ ನಿನ್ನೆ ಕಲ್ಮೇಶನ ಜೊತೆ ಚಹಾ ಕುಡಿಯುತ್ತಿದ್ದ... ಕಣ್ಣಾರೆ ಕಂಡಿದ್ದೇನೆ.

18, ಮಂಗಳವಾರ
ಕೇಳಿಯೇ ಬಿಟ್ಟೆ. ಹುಸೇನಪೀರ ಕೈಯ ಎಣ್ಣೆ ಒರೆಸಿಕೊಳ್ಳುತ್ತ ನಿಂತ.
"ರೀಲ ಯಾಕ ಬಿಡ್ಲಿರಿ ಅಕ್ಕಾರ? ಇವತ್ತ ಒಳಗ ಕುಂತ ನೋಡ್ರಿ."
ಭಾರಿ ಹುಷಾರು. ನಾನು ಕೂತ ದಿನ ಪೂರ್ತಿ ತೋರಿಸೇ ತೋರಿಸುತ್ತಾನೆ! ಕಲ್ಮೇಶ ಏನು ಕೊಟ್ಟ ಅಂದೆ. ಮುಖ ಕಪ್ಪಿಟ್ಟಿತು. ಕ್ಯಾಬಿನ್ ಕೀಲಿಕೈ ಮೇಜಿನ ಮೇಲಿಟ್ಟು ಹೋದ. ಇಷ್ಟು ವರ್ಷ ನಂಬಿದ್ದೆನಲ್ಲ!

19, ಬುಧವಾರ, ಆಟ ಬಿಟ್ಟ ಮೇಲೆ
ಬೈಲಹೊಂಗಲದಿಂದ ಬೇರೆ ಆಪರೇಟರ್. ಅವನನ್ನೂ ನಂಬಲಾರದೆ ಹಿಂದಿನ ಬಾಗಿಲಲ್ಲಿ ನಿಂತೆ. ರಾಕ್ಷಸ ಕೂಸನ್ನು ಎತ್ತಿಕೊಂಡ — ಹೊರಗೆ ಹಾರ್ನ್. ಸಿರಸಂಗಿ ಕಡೆಯ ಕೊನೆಯ ಬಸ್ಸು. ಹೆಂಗಸರು, ಮಕ್ಕಳು, ಸಾಲುಸಾಲೇ ಎದ್ದು ಓಡಿದರು. ಬೇರೆ ಪಿಕ್ಚರುಗಳು ಇಷ್ಟೊತ್ತಿಗೆ ಮುಗಿದಿರುತ್ತವೆ. ಇದು ಮೂರು ತಾಸು ದಾಟುತ್ತದೆ. ಕೋಟಿ ಸುರಿದವರಿಗೆ ನಮ್ಮ ಬಸ್ಸು ಗೊತ್ತಿಲ್ಲ, ಸರಿ. ನನಗೆ ಗೊತ್ತಿತ್ತಲ್ಲ!
ಖಾಲಿ ಖುರ್ಚಿಗಳ ಮುಂದೆ ದೇವಿ ಬಂದಳು. ಪರದೆ ತುಂಬಾ.
ಹೊರಗೆ ಓಡಿದೆ. ಹೊರಟ ಬಸ್ಸಿನ ಕಿಟಕಿಯಿಂದ ಒಬ್ಬಾಕೆ ಕೂಗಿದಳು, "ಅಕ್ಕಾರ, ಆ ಕೂಸು ಉಳೀತೇನ್ರಿ?"
ಉಳೀತು, ದೇವಿ ಬಂದ್ಲು ಅಂತ ಕೂಗಿದೆ. ಕೇಳಿಸಿತೋ ಇಲ್ಲವೋ.

28, ಶುಕ್ರವಾರ
ಪಿಕ್ಚರ್ ಎತ್ತಿಕೊಂಡು ಹೋದರು. ಬಸ್ಸಿನ ಸಂಗತಿ ತಿಳಿದ ಮರುದಿನದಿಂದಲೇ ಆಟ ಬೇಗ ಶುರು ಮಾಡಿದ್ದೆ, ಅಷ್ಟರಲ್ಲಿ ದೇವಿ ಬರುವುದಿಲ್ಲ ಅನ್ನುವ ಮಾತು ಹಳ್ಳಿಹಳ್ಳಿಗೆ ಮುಟ್ಟಿಯಾಗಿತ್ತು.
ಹುಸೇನಪೀರನ ಮನೆಗೆ ಹೋಗಿ ತಪ್ಪಾಯಿತು ಅಂದೆ. ಅವನ ಹೆಂಡತಿ ದಿಲಶಾದಬಿ ಹೇಳಿದಳು — ಆವತ್ತು ಕಲ್ಮೇಶನ ಜೊತೆ ಕೂತದ್ದು ಟಾಕೀಜು ಮುಚ್ಚಿಸಬೇಡ ಅಂತ ಬೇಡಿಕೊಳ್ಳಲಿಕ್ಕಂತೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.
ಹುಸೇನಪೀರ ಇವತ್ತು ಕೆಲಸಕ್ಕೆ ಬಂದ. ಹೊಸ ಪಿಕ್ಚರಿನ ಆಟ ಮುಗಿಸಿ ರೀಲಿನ ಡಬ್ಬಿಗಳನ್ನೆಲ್ಲ ಕೆಳಗೆ ಹೊತ್ತು ತಂದು ನನ್ನ ಮುಂದೆ ಸಾಲಾಗಿ ಇಟ್ಟ. ಹಿಂದೆಂದೂ ಹೀಗೆ ಮಾಡಿದವನಲ್ಲ.
"ಎಣಿಸ್ಕೊಳ್ರಿ ಅಕ್ಕಾರ."
"ಬ್ಯಾಡಪಾ, ಒಯ್ದ ಇಡು."
"ದಿನಾ ಎಣಿಸ್ಕೊಳ್ರಿ. ಇಲ್ಲಂದ್ರ ನಾ ಬರೂದಿಲ್ರಿ."
ಮುಖ ನೋಡಲಿಲ್ಲ. ಕದಲಲೂ ಇಲ್ಲ. ಬಗ್ಗಿ ಎಣಿಸತೊಡಗಿದೆ. ಒಂದು. ಎರಡು. ಮೂರು —