ಎನ್‌ಕಂಬ್ರೆನ್ಸ್ ಅಂದರೆ

ಅವ್ವಾ,

ನೀನು ತೀರಿಕೊಂಡ ಮೇಲೆ ನನಗೊಂದು ಕೆಲಸ ಸಿಕ್ಕಿದೆ. ಶಿವಾಜಿನಗರದಲ್ಲಿ ಪೇಪರಿಗೆ ಜಾಹೀರಾತು ಬರೆದುಕೊಳ್ಳುವ ಅಂಗಡಿ. ಇವತ್ತು ಒಬ್ಬರು ಎರಡನೇ ಮದುವೆಗೆ ಹೆಣ್ಣು ಬೇಕೆಂದು ಬರೆಸಲು ಬಂದಿದ್ದರು.

"ವಿಧವೆ ಆದ್ರೂ ಪರವಾಗಿಲ್ಲ ಮೇಡಂ. ಎನ್‌ಕಂಬ್ರೆನ್ಸ್ ಇರಬಾರ್ದು ಅಂತ ಹಾಕಿ" ಎಂದರು.

ಆ ಪದ ನಿನಗೂ ನೆನಪಿರಬೇಕು. ನಾನಾಗ ಆರನೇ ಕ್ಲಾಸು, ನೀನು ಕುಕ್ ಟೌನಿನಲ್ಲಿ ಇಟ್ಟಿಗೆ ಹೊರುತ್ತಿದ್ದೆ. ಮೇಸ್ತ್ರಿ ಅಂಬಣ್ಣ ಇಂಥದೇ ಜಾಹೀರಾತೊಂದನ್ನು ನಿನಗಾಗಿ ಹರಿದು ತಂದಿದ್ದ. ಕನ್ನಡ ಪೇಪರಾದರೂ ಆ ಒಂದು ಪದ ಮಾತ್ರ ಇಂಗ್ಲಿಷಿನಲ್ಲಿತ್ತು. ನಾನು ಸ್ಕೂಲಿನ ಡಿಕ್ಷನರಿ ನೋಡಿ ಬಂದು, "ಹೊರೆ ಅಂತವ್ವ. ಹೊರೆ ಇರಬಾರದಂತ" ಎಂದೆ.

"ಹಂಗಾರ ಇಟ್ಟಿಗಿ ಹೊರೋದು ಬಿಟ್ರಾತು" ಎಂದು ನೀನು ನಕ್ಕೆ.

ಭಾನುವಾರ ಇಳಕಲ್ ಸೀರೆ ಉಟ್ಟು, ಅಂಬಣ್ಣನ ಜೊತೆ ರಿಚರ್ಡ್ಸ್ ಟೌನಿಗೆ ಆ ಜಾಹೀರಾತು ಕೊಟ್ಟವರನ್ನು ನೋಡಲು ನೀನು ಹೋದೆ. ಬೇಗನೆ ವಾಪಸು ಬಂದೆ.

"ಏನಂದ್ರವ್ವ?" ಎಂದು ನಾನು ಕೇಳಿದೆ.

"ಅದು ಇಟ್ಟಿಗಿ ಮಾತಲ್ಲಂತ" ಎಂದೆ ನೀನು. ಮತ್ಯಾವ ಮಾತು ಎಂದರೆ ರೊಟ್ಟಿ ಬಡಿಯಲು ಕೂತೆ. ಅವತ್ತು ನನಗೊಂದು ರೊಟ್ಟಿ ಹೆಚ್ಚೇ ಹಾಕಿದೆ.

ಇವತ್ತು ಅಂಗಡಿಗೆ ಬಂದವರನ್ನೇ ಕೇಳಿದೆ, ಹಂಗಂದ್ರೆ ಏನು ಸಾರ್ ಎಂದು.

"ಮಕ್ಕಳಿರಬಾರ್ದು ಅಂತ. ಹಂಗೇ ಬರೆದ್ರೆ ಚೆನ್ನಾಗಿರಲ್ಲ, ನೋಡಿ. ಸ್ಪೆಲ್ಲಿಂಗ್ ಗೊತ್ತಾ ನಿಮ್ಗೆ?"

ಗೊತ್ತು ಎಂದೆ. ಒಂದಕ್ಷರವೂ ತಪ್ಪದೆ ಬರೆದುಕೊಟ್ಟೆ, ಅವ್ವಾ.